‘ಹೌದು’ ಎನ್ನುವ ವಯಸ್ಸು

ಪಡುಬಿದ್ರಿಯ ರೈಲು ನಿಲ್ದಾಣದಲ್ಲಿ ‘ಕನ್‌ಫರ್ಮ್ ಆಯಿತೆ?’ ಎಂದರೆ ಅದು ಟಿಕೇಟಿನ ಮಾತು. ನೆರೆಮನೆಯ ಪ್ರಾಟೆಸ್ಟೆಂಟ್ ಹುಡುಗಿ ಕಳೆದ ತಿಂಗಳು ಅದನ್ನು ಬೇರೆ ಅರ್ಥದಲ್ಲಿ ಆಡಿದಳು: “ಸರ್, ಬರುವ ಭಾನುವಾರ ನನ್ನ ಕನ್‌ಫರ್ಮೇಶನ್. ಕನ್ನಡದಲ್ಲಿ ಏನೆನ್ನಬೇಕು?”

“ದೃಢೀಕರಣ” ಎಂದೆ. ಕನ್ನಡ ಮೇಷ್ಟರಿಗೆ ಸಂಸ್ಕೃತ ಎಟುಕುವಷ್ಟು ಬೇಗ ಕನ್ನಡ ಎಟುಕುವುದಿಲ್ಲ, ನೋಡಿ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರೊಡನೆ ನಮ್ಮ ಕರಾವಳಿಗೆ ಬಂದ ಆಚಾರವಿದು. ಡೇನಿಶ್, ನಾರ್ವೇಜಿಯನ್ ಭಾಷೆಗಳಲ್ಲಿ ಇದಕ್ಕೆ ‘ಕೊನ್‌ಫಿರ್ಮೇರೆ’ ಎಂಬ ಕ್ರಿಯಾಪದ. ಎರಡು ನಾಡಿಗೂ ಒಬ್ಬನೇ ಅರಸನಿದ್ದ ಕಾಲದಲ್ಲಿ, 1736ರಲ್ಲಿ, ಇದು ಕಡ್ಡಾಯವಾಯಿತು. ಇದಾಗದೆ ಮದುವೆಯೂ ಇಲ್ಲ!

“ದೀಕ್ಷಾಸ್ನಾನದಲ್ಲಿ ಅಪ್ಪ ಅಮ್ಮ ನನ್ನ ಪರವಾಗಿ ಒಪ್ಪಿದ್ದರು. ಈಗ ನಾನೇ ಒಪ್ಪಬೇಕು” ಎಂದಳು ಹುಡುಗಿ. “ಒಲ್ಲೆ ಅಂದರೆ?” ಎಂದೆ. ನಕ್ಕಳು.

ನನಗೆ ಎಂಟರಲ್ಲಿ ಉಪನಯನ. ವಸ್ತ್ರದ ಮರೆಯಲ್ಲಿ ತಂದೆ ಕಿವಿಯಲ್ಲಿ ಹೇಳಿದ್ದನ್ನು ನಾನೂ ಹೇಳಿದೆ. ಹಸಿವಾಗಿತ್ತು. ಒಪ್ಪಿಗೆಯೆ ಎಂದು ಯಾರೂ ಕೇಳಲಿಲ್ಲ. ಇಪ್ಪತ್ತರಲ್ಲಿ ಸಂಧ್ಯಾವಂದನೆ ಬಿಟ್ಟೆ. ತಂದೆ ಆಗಲೂ ಕೇಳಲಿಲ್ಲ. ಕೇಳಿದ್ದರೆ ಏನೆನ್ನುತ್ತಿದ್ದೆನೊ! ಅವರು ಈಗಿಲ್ಲ.

ಭಾನುವಾರ ಇಗರ್ಜಿಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಪ್ರಶ್ನೆ ಬಂತು. ಹುಡುಗಿ ತುಸು ತಡೆದು ‘ಹೌದು’ ಎಂದಳು. ಆ ತಡೆದಷ್ಟು ಹೊತ್ತು ಅವಳ ತಂದೆಯ ಮುಖ ನೋಡಬೇಕಿತ್ತು.