ಸಿಗಾರಿನ ಘಾಟು, ಓದಿನ ಘಮ

ಕಾಫಿಗೆ, ಚಹಾಕ್ಕೆ ಇರುವಂತೆ ಸಿಗಾರಿಗೂ ರುಚಿ ನೋಡಿ ಹೇಳುವ ಪಂಡಿತರಿದ್ದಾರೆ. ಹಡಗಿನಲ್ಲಿ ಎಂಜಿನಿಯರಾಗಿರುವ ನನ್ನ ಭಾವ ಅಂಥವರಲ್ಲೊಬ್ಬರು. ಒಮ್ಮೆ ರಜೆಯಲ್ಲಿ ಬಂದಾಗ ಹವಾನಾದ ದಪ್ಪನೆಯ ಸಿಗಾರೊಂದನ್ನು ಮೂಗಿನ ಹತ್ತಿರ ಹಿಡಿದು, "ಇದು ಗಟ್ಟಿ ಜಾತಿಯದು. ಮೊದಲು ಒಣ ಮರದ ವಾಸನೆ, ಆಮೇಲೆ ಕೋಕೋ, ಕೊನೆಗೆ ಕಾಳುಮೆಣಸಿನ ಖಾರ. ಖಾಲಿ ಹೊಟ್ಟೆಯಲ್ಲಿ ಸೇದಿದರೆ ತಲೆ ತಿರುಗೀತು" ಎಂದು ಬಣ್ಣಿಸಿದರು. ಪಿಯುಸಿ ಓದುವ ನನ್ನ ಮಗ ಕಣ್ಣರಳಿಸಿ ಕೇಳುತ್ತಿದ್ದವನು, "ಮಾವ, ನಾನೂ ಒಂದು ದಮ್ಮು ಎಳೆಯಲಾ?" ಎಂದ.

ಗದರಿಸಿ ಬಾಯಿ ಮುಚ್ಚಿಸುವುದು ಸುಲಭ. ಆದರೆ ಮುಚ್ಚಿಟ್ಟದ್ದರ ಮೇಲೆ ಆ ವಯಸ್ಸಿಗೆ ಆಸೆ ಹೆಚ್ಚು. ಹಾಗಾಗಿ ಸಿಗಾರಿನ ಕತೆಯನ್ನೇ ಹೇಳಲು ಕೂತೆ.

ಕ್ಯೂಬಾದ ಪಶ್ಚಿಮ ತುದಿಯ ಪಿನಾರ್ ದೆಲ್ ರಿಯೊ ಪ್ರಾಂತ್ಯದ ಹೊಗೆಸೊಪ್ಪಿಗೆ ಲೋಕವೇ ಮಾರುಹೋಗಿದೆ. ಗಿಡದ ಬುಡದ ಎಲೆ ಚೆನ್ನಾಗಿ ಉರಿಯುತ್ತದೆ, ನಡುವಿನದು ಪರಿಮಳ ಕೊಡುತ್ತದೆ. ತುದಿಯಲ್ಲಿ ಬಿಸಿಲುಂಡು ಬೆಳೆದ 'ಲಿಖೇರೊ' ಎಲೆಗೆ ಘಾಟು ಹೆಚ್ಚು, ಉರಿಯುವುದು ನಿಧಾನ. ಅದಕ್ಕೇ ಅದನ್ನು ಸಿಗಾರಿನ ನಟ್ಟನಡುವೆ ಇಡುತ್ತಾರೆ. ಅದು ಹೆಚ್ಚಿದಷ್ಟೂ ಸಿಗಾರು ಗಟ್ಟಿ. ಎಲೆಗಳನ್ನು ರಾಶಿ ಹಾಕಿ, ತಮ್ಮ ಕಾವಿನಲ್ಲೇ ಹುದುಗಲು ಬಿಡುತ್ತಾರೆ. ಭಾವ ಹೊಗಳಿದ ರುಚಿ ಮಾಗುವುದು ಅಲ್ಲಿ. ಆದರೆ ಕ್ಯಾನ್ಸರ್ ತರುವ ನೈಟ್ರೊಸಮೀನುಗಳು ಹೆಚ್ಚುವುದೂ ಅದೇ ಹುದುಗಿನಲ್ಲಿ. ದೊಡ್ಡ ಸಿಗಾರೊಂದರಲ್ಲಿ ಒಂದು ಪ್ಯಾಕು ಸಿಗರೇಟಿನಷ್ಟು ತಂಬಾಕು ಇರಬಹುದು. ಹೊಗೆ ನುಂಗದಿದ್ದರೂ ಬಾಯಿ, ಗಂಟಲು ಅದರ ಪಾಲು ಪಡೆಯುತ್ತವೆ. ಬೆಲೆ ಏರಿದಷ್ಟೂ ವಿಷ ಇಳಿಯುವುದಿಲ್ಲ.

ಹಾಗಾದರೆ ಸಿಗಾರಿನಲ್ಲಿ ಶಿಫಾರಸು ಮಾಡುವಂಥದ್ದು ಏನೂ ಇಲ್ಲವೇ? ಇದೆ. ಅದನ್ನು ಸುತ್ತುವ ಕೋಣೆಯಲ್ಲಿದೆ.

1865ರಲ್ಲಿ ಹವಾನಾದ ಎಲ್ ಫಿಗರೊ ಕಾರ್ಖಾನೆಯಲ್ಲಿ ಒಂದು ಪದ್ಧತಿ ಆರಂಭವಾಯಿತು. ನೂರಾರು ಜನ ತಲೆ ತಗ್ಗಿಸಿ ಎಲೆ ಸುತ್ತುತ್ತಿದ್ದರೆ ಒಬ್ಬ ಎಲ್ಲರಿಗೂ ಕೇಳುವಂತೆ ಪತ್ರಿಕೆ, ಕಾದಂಬರಿ ಓದುತ್ತಿದ್ದ. ಅವನ ಸಂಬಳ ಕೊಡುತ್ತಿದ್ದವರು ಕೆಲಸಗಾರರೇ! ಅಕ್ಷರ ಬಾರದವರೂ ಹೀಗೆ ಡ್ಯೂಮಾ, ಹ್ಯೂಗೊರನ್ನು ಅರಗಿಸಿಕೊಂಡರು. ಕೇಳಿದವರು ಪ್ರಶ್ನೆ ಕೇಳಲಾರಂಭಿಸುತ್ತಾರೆ ಎಂಬ ಭಯಕ್ಕೆ ಮರುವರ್ಷವೇ ಸರ್ಕಾರ ಓದನ್ನು ನಿಷೇಧಿಸಿತು. ಅಮೆರಿಕದ ಟಾಂಪಾದಲ್ಲಿ 1931ರಲ್ಲಿ ಮಾಲೀಕರೇ ಓದುಗರನ್ನು ಹೊರಹಾಕಿದಾಗ ಕೆಲಸಗಾರರು ಮುಷ್ಕರ ಹೂಡಿದರು. ಕ್ಯೂಬಾದಲ್ಲಿ ಮಾತ್ರ ಓದು ಮತ್ತೆ ಚಿಗುರಿ ಉಳಿಯಿತು. ಮಾಂಟೆಕ್ರಿಸ್ಟೊ ಎಂಬ ಪ್ರಸಿದ್ಧ ಸಿಗಾರಿಗೆ ಹೆಸರು ಬಂದದ್ದು ಹೀಗೆ ಓದಿಸಿಕೊಂಡ ಡ್ಯೂಮಾನ ಕಾದಂಬರಿಯಿಂದಲೇ ಎನ್ನುತ್ತಾರೆ.

ಇಷ್ಟು ದೂರ ಹೋಗಬೇಕಿಲ್ಲ. ನೆರೆಯ ಕಣ್ಣೂರಿನ ಬೀಡಿ ಕಾರ್ಮಿಕರಲ್ಲೂ ಒಬ್ಬ ಪತ್ರಿಕೆ ಓದುವ, ಉಳಿದವರು ಕೇಳುತ್ತ ಬೀಡಿ ಸುತ್ತುವ ರೂಢಿಯಿತ್ತು. ನಮ್ಮ ಮನೆಯ ಜಗಲಿಯಲ್ಲಿ ಆ ಓದುಗ ನಾನೇ ಆಗಿದ್ದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಅಮ್ಮ ಗೆರಸೆ ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತಿದ್ದಳು. ನಾನು ಚಂದಮಾಮದಿಂದ ಹಿಡಿದು ಚರಿತ್ರೆಯ ಪಾಠದವರೆಗೆ ಗಟ್ಟಿಯಾಗಿ ಓದುತ್ತಿದ್ದೆ. ನಿಲ್ಲಿಸಿದರೆ, "ಮತ್ತೆ?" ಎನ್ನುತ್ತಿದ್ದಳು. ಅವಳಿಗೆ ಅರ್ಥವಾಗುವಂತೆ ಬಿಡಿಸಿ ಹೇಳಿದ ಪಾಠ ಪರೀಕ್ಷೆಯಲ್ಲಿ ನನಗೆ ಎಂದೂ ಮರೆಯಲಿಲ್ಲ. ನನ್ನ ಕಾಲೇಜಿನ ಫೀಜು ಬಂದದ್ದು ಆ ಗೆರಸೆಯಿಂದ. ಒಂದೇ ಒಂದು ಬೀಡಿಯನ್ನೂ ಸೇದದ ಅಮ್ಮ ಆ ಹುಡಿಯ ನಡುವೆಯೇ ಬಾಳಿದಳು. ಕೊನೆಯ ವರ್ಷಗಳಲ್ಲಿ ಕೆಮ್ಮು ಅವಳನ್ನು ಮಲಗಲು ಬಿಡಲಿಲ್ಲ.

ವಿದ್ಯಾರ್ಥಿಗಳೇ, ಹೊಗೆಯ ರುಚಿ ವರ್ಣಿಸುವವರು ಮುಂದೆ ನಿಮಗೂ ಸಿಕ್ಕಾರು. ಅವರಿಂದ ಕತೆ ಕೇಳಿ, ಕಡ್ಡಿ ಗೀರಬೇಡಿ. ಪಾಲಕರೇ, ಮಕ್ಕಳು ಗಟ್ಟಿಯಾಗಿ ಓದಿದರೆ ಗಲಾಟೆ ಎನ್ನಬೇಡಿ. ಅಮ್ಮ ಸೊಪ್ಪು ಬಿಡಿಸುವಾಗ ಪಕ್ಕದಲ್ಲಿ ಕೂತು ನಾಲ್ಕು ಪುಟ ಓದಿ ಹೇಳಲಿ. ಅವಳು ಕೈ ನಿಲ್ಲಿಸದೆ "ಮತ್ತೆ?" ಎಂದರೆ, ಆ ಪಾಠ ಇಬ್ಬರಿಗೂ ಬಂದಂತೆ.