ಕಪಾಟಿನೊಳಗಿನ ಹವಳ

1996ರಲ್ಲಿ ಶಾಲೆಯ ಮಕ್ಕಳನ್ನು ಮುರ್ಡೇಶ್ವರಕ್ಕೆ ಪ್ರವಾಸ ಕರೆದೊಯ್ದಿದ್ದೆವು. ಶಿರೋಳದ ಎರೆನೆಲದ ಮಕ್ಕಳು. ನೀರೆಂದರೆ ಬೆಣ್ಣಿಹಳ್ಳ, ಮಲಪ್ರಭೆ, ಅಷ್ಟೇ. ನನಗಾದರೂ ಕಡಲಿನ ಬಗ್ಗೆ ಏನು ಗೊತ್ತಿತ್ತು? ದಂಡೆಯ ಅಂಗಡಿಯೊಂದರಲ್ಲಿ ಕವಲು ಕವಲಾದ ಬಿಳಿ ಹವಳದ ತುಂಡೊಂದನ್ನು ಚೌಕಾಶಿ ಮಾಡಿ ಕೊಂಡು ತಂದು ವಿಜ್ಞಾನದ ಕಪಾಟಿನಲ್ಲಿಟ್ಟೆ. 'ಸಮುದ್ರದ ಕಲ್ಲು' ಎಂದು ಚೀಟಿ ಬರೆದವಳೂ ನಾನೇ.

ಎಷ್ಟೋ ವರ್ಷಗಳ ಮೇಲೆ ಆರನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಅಕ್ಕೋರೆ, ಇದಕ್ಕ ಜೀವ ಇತ್ತೇನ್ರೀ?"

ಪುಸ್ತಕ ತೆಗೆದು ನೋಡಿದೆ. ಇತ್ತು. ಸಣ್ಣ ಸಣ್ಣ ಜೀವಿಗಳು ಸುಣ್ಣ ಕೂಡಿಸಿ ಕಟ್ಟಿಕೊಂಡ ಮನೆ ಅದು. ಎಷ್ಟೋ ಜಾತಿಯವು ವರ್ಷಕ್ಕೆ ಬೆರಳಗಲವೂ ಬೆಳೆಯುವುದಿಲ್ಲ. ಅದರ ಸಂದುಗಳಲ್ಲೇ ಮೀನಿನ ಮರಿಗಳ ಬಾಳು. 2001ರಿಂದ ಕಾನೂನು ಹವಳವನ್ನು ಹುಲಿಯ ಸಾಲಿನಲ್ಲೇ ಇಟ್ಟಿದೆ.

ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ನಡುಗಡ್ಡೆಯ ಸುತ್ತ ಜೀವಂತ ಹವಳವಿದೆ. ಆ ನಡುಗಡ್ಡೆಯನ್ನು ನೌಕಾಪಡೆ ಗುಂಡಿನ ಗುರಿಯಾಗಿ ಬಳಸುತ್ತಿತ್ತೆಂದು ಓದಿದಾಗ ಸಿಟ್ಟು ಬಂತು. ಮರುಗಳಿಗೆಗೆ ನನ್ನ ಕಪಾಟು ನೆನಪಾಯಿತು. ಹೊನ್ನಾವರದ ಅಪ್ಸರಕೊಂಡ-ಮುಗಳಿ ಕಡಲನ್ನು ಈಗ ನಮ್ಮ ಕಪ್ಪತಗುಡ್ಡದಂತೆ ವನ್ಯಜೀವಿಧಾಮ ಮಾಡಿದ್ದಾರೆ. ಗುಡ್ಡವಾದರೆ ಕಣ್ಣಿಗೆ ಕಾಣುತ್ತದೆ. ನೀರಿನಡಿಯಲ್ಲಿ ಲಂಗರು ಬಿದ್ದು ಮುರಿದದ್ದು ಯಾರಿಗೆ ಕಾಣಬೇಕು?

ಹಳೆಯ ಚೀಟಿ ಹರಿದು, ಹೊಸದನ್ನು ಆ ಹುಡುಗಿಯಿಂದಲೇ ಬರೆಸಿದೆ. ಅವಳು ಬರೆದಳು: 'ಇದು ಪ್ರಾಣಿಗಳ ಮನೆ. ಅಕ್ಕೋರು ಕೊಂಡು ತಂದದ್ದು.'