ಬೆಟ್ಟದಿಂದ ಎಸ್.ಪಿ. ರಸ್ತೆಗೆ

ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನಲ್ಲಿ, ಒಂದರ ಹಿಂದೊಂದು ಎದ್ದು ನಿಂತ ಮಲೆಗಳ ನಡುವೆ ಮಹದೇಶ್ವರನ ಸನ್ನಿಧಿ ಇದೆ. ಶಿವರಾತ್ರಿ, ಯುಗಾದಿ, ದೀಪಾವಳಿಗಳ ಜಾತ್ರೆಯಲ್ಲಿ ‘ಉಘೇ ಮಾದಪ್ಪ’ ಎಂಬ ಘೋಷದಿಂದ ಕಣಿವೆಗಳೆಲ್ಲ ತುಂಬಿಹೋಗುತ್ತವೆ. ಕಂಸಾಳೆ ಹಿಡಿದ ದೇವರ ಗುಡ್ಡರು ಮಾದಪ್ಪನ ಕಥೆಯನ್ನು ಇಡೀ ರಾತ್ರಿ ಹಾಡಬಲ್ಲರು. ಎದುರಿಗೆ ಪುಸ್ತಕವಿಲ್ಲ, ಓಲೆಯಿಲ್ಲ. ಎಲ್ಲವೂ ನೆನಪಿನ ಬಲ.

ಇಂಥ ನಾಡಿನ ಮನೆಗಳಿಗೂ ಈಗ ಇನ್ನೊಂದು ಬಗೆಯ ನೆನಪು ಬೇಕಾಗಿದೆ. ಓದುವ ಮಕ್ಕಳಿರುವ ಮನೆಗೆ ಕಂಪ್ಯೂಟರು ಅವಶ್ಯ. ಸಿದ್ಧ ಯಂತ್ರವನ್ನು ಕೊಳ್ಳುವ ಬದಲು ಬಿಡಿಭಾಗಗಳನ್ನು ತಂದು ಮನೆಯಲ್ಲೇ ಜೋಡಿಸುವ ಉತ್ಸಾಹಿಗಳೂ ಉಂಟು. ಅವರನ್ನು ಹೆಚ್ಚಾಗಿ ಗೊಂದಲಕ್ಕೆ ಕೆಡಹುವ ವಸ್ತು ರ್‍ಯಾಮ್, ಅಂದರೆ ಕಂಪ್ಯೂಟರು ಕೆಲಸ ಮಾಡುವ ಹೊತ್ತಿನಲ್ಲಿ ಬಳಸುವ ನೆನಪು. ವಿದ್ಯುತ್ತು ಹೋದೊಡನೆ ಇದು ಎಲ್ಲವನ್ನೂ ಮರೆಯುತ್ತದೆ. ಈ ವಿಷಯದಲ್ಲಿ ದೇವರ ಗುಡ್ಡರಿಗೆ ಇದು ಸಾಟಿಯಲ್ಲ.

ರ್‍ಯಾಮನ್ನು ಕಣ್ಣಾರೆ ನೋಡಿ ಆರಿಸಬೇಕೆಂದರೆ ಬೆಂಗಳೂರಿಗೆ ಸುಮಾರು 210 ಕಿಲೋಮೀಟರುಗಳ ಪ್ರಯಾಣ. ತಾಳಬೆಟ್ಟದ ತಿರುವುಗಳನ್ನು ಇಳಿದ ಬಸ್ಸು ಕೌದಳ್ಳಿ, ಹನೂರು, ಕೊಳ್ಳೇಗಾಲಗಳನ್ನು ಹಾದು ಸತ್ತೇಗಾಲದ ಬಳಿ ಕಾವೇರಿಯನ್ನು ದಾಟುತ್ತದೆ. ಸಮೀಪದ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಮಳವಳ್ಳಿ, ಕನಕಪುರಗಳನ್ನು ಕಳೆದು ರಾಜಧಾನಿ ಸೇರುವಷ್ಟರಲ್ಲಿ ಅರ್ಧ ದಿನ ಸಂದಿರುತ್ತದೆ. ತಪ್ಪು ವಸ್ತು ಕೊಂಡರೆ ಮತ್ತೊಮ್ಮೆ ಅಷ್ಟೇ ದಾರಿ, ಅಷ್ಟೇ ಖರ್ಚು, ಇನ್ನೊಂದು ದಿನದ ದುಡಿಮೆಗೆ ನಷ್ಟ. ಆದುದರಿಂದ ಬೆಟ್ಟದ ಕಡೆಯವರಿಗೆ ಆಯ್ಕೆಯ ಕೆಲಸ ಬಸ್ಸು ಹತ್ತುವ ಮೊದಲೇ ಮುಗಿದಿರಬೇಕು.

ಪುರಭವನದಿಂದ ನಡೆದೇ ಹೋಗಬಹುದಾದ ದೂರದಲ್ಲಿ ಸಾದರ ಪತ್ರಪ್ಪ ರಸ್ತೆಯಿದೆ. ಜನರ ಬಾಯಲ್ಲಿ ಅದು ಎಸ್.ಪಿ. ರಸ್ತೆ. ಇಕ್ಕಟ್ಟಾದ ಬೀದಿ, ತಲೆಯ ಮೇಲೆ ನಾಮಫಲಕಗಳ ಚಪ್ಪರ, ಅಂಗಡಿಯ ಮುಂದೆ ತಂತಿಯ ಸುರುಳಿಗಳು, ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಮದರ್‌ಬೋರ್ಡುಗಳು. ಭಾನುವಾರ ಬಹುಪಾಲು ಅಂಗಡಿಗಳು ಮುಚ್ಚಿರುತ್ತವೆಂಬುದನ್ನು ದೂರದಿಂದ ಬರುವವರು ನೆನಪಿಡಬೇಕು. ಇಲ್ಲಿ ‘ಒಂದು ರ್‍ಯಾಮ್ ಕೊಡಿ’ ಎಂದರೆ ಅಂಗಡಿಯವನು ಮೊದಲು ಕೇಳುವ ಮಾತು: ‘ಯಾವ ಬೋರ್ಡಿಗೆ, ಸ್ವಾಮಿ?’

ಅದೇ ಸರಿಯಾದ ಪ್ರಶ್ನೆ. ರ್‍ಯಾಮಿನಲ್ಲಿ ತಲೆಮಾರುಗಳಿವೆ. ಡಿಡಿಆರ್ 3 2007ರಲ್ಲಿ, ಡಿಡಿಆರ್ 4 2014ರಲ್ಲಿ ಮಾರುಕಟ್ಟೆಗೆ ಬಂದವು. ಡಿಡಿಆರ್ 5ರ ಮಾನದಂಡ ಪ್ರಕಟವಾದದ್ದು 2020ರಲ್ಲಿ. ಕೊನೆಯ ಎರಡಕ್ಕೂ 288 ಸಂಪರ್ಕಗಳು, ಉದ್ದವೂ ಒಂದೇ. ಆದರೆ ಅಂಚಿನಲ್ಲಿರುವ ಕಚ್ಚಿನ ಸ್ಥಳ ಬೇರೆ; ಒಂದು 1.2 ವೋಲ್ಟಿನಲ್ಲಿ, ಇನ್ನೊಂದು 1.1 ವೋಲ್ಟಿನಲ್ಲಿ ಕೆಲಸ ಮಾಡುವಂಥದು. ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರದು. ಬಲವಂತ ಮಾಡಿದರೆ ಬೋರ್ಡು ಹಾಳು. ಎಎಂಡಿಯ ಎಎಂ4 ಬೋರ್ಡಿಗೆ ಡಿಡಿಆರ್ 4, ಎಎಂ5 ಬೋರ್ಡಿಗೆ ಡಿಡಿಆರ್ 5. ಇಂಟೆಲ್‌ನ 12ರಿಂದ 14ನೆಯ ತಲೆಮಾರಿನ ಪ್ರೊಸೆಸರುಗಳಿಗೆ ಎರಡೂ ಒಗ್ಗುತ್ತವೆಯಾದರೂ ಬೋರ್ಡು ಸಾಮಾನ್ಯವಾಗಿ ಒಂದನ್ನೇ ಒಪ್ಪುತ್ತದೆ. ಲ್ಯಾಪ್‌ಟಾಪಿನ ರ್‍ಯಾಮ್ ಗಿಡ್ಡ. ಅದು ಮೇಜಿನ ಕಂಪ್ಯೂಟರಿಗೆ ಸಲ್ಲದು.

ಎರಡನೆಯದು ಜೋಡಿಯ ಮಾತು. ಕಂಸಾಳೆಯಲ್ಲಿ ಎಡಗೈಯ ಬಟ್ಟಲೂ ಬಲಗೈಯ ತಾಳವೂ ಒಂದಕ್ಕೊಂದು ಒಪ್ಪಿದರೆ ಮಾತ್ರ ನಾದ. 16 ಜಿಬಿಯ ಒಂದೇ ರ್‍ಯಾಮಿಗಿಂತ 8 ಜಿಬಿಯ ಎರಡನ್ನು ಹಾಕಿದರೆ ಪ್ರೊಸೆಸರು ಏಕಕಾಲದಲ್ಲಿ ಎರಡು ದಾರಿಗಳಿಂದ ಮಾಹಿತಿಯನ್ನು ಸೆಳೆಯುತ್ತದೆ. ನಾಲ್ಕು ಸ್ಲಾಟುಗಳಿರುವ ಬಹುಪಾಲು ಬೋರ್ಡುಗಳಲ್ಲಿ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಥಾನಗಳಲ್ಲಿ ಇವನ್ನು ಕೂರಿಸಬೇಕು. 3200 ವೇಗದ ರ್‍ಯಾಮಿನ ಪಕ್ಕದಲ್ಲಿ 2400 ವೇಗದ್ದನ್ನಿಟ್ಟರೆ ಎರಡೂ 2400ರಲ್ಲೇ ನಡೆಯುತ್ತವೆ. ಜೋಡೆತ್ತಿನಲ್ಲಿ ಒಂದು ಕುಂಟಿದರೆ ಗಾಡಿಯ ವೇಗ ಅದರದೇ. ಕೆಲವೊಮ್ಮೆ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಗಿ ಯಂತ್ರ ಏಳುವುದೇ ಇಲ್ಲ. ಒಂದೇ ಪೊಟ್ಟಣದಲ್ಲಿ ಬರುವ ಜೋಡಿಯನ್ನು ಕೊಳ್ಳುವುದು ಕ್ಷೇಮ. ಪೊಟ್ಟಣದ ಮೇಲಿನ ಹೆಚ್ಚಿನ ವೇಗ ದೊರೆಯಬೇಕಾದರೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಎಂಬ ಆಯ್ಕೆಯನ್ನು ತೆರೆಯಬೇಕಾಗುತ್ತದೆ.

ಮೂರನೆಯದು ಅಗ್ಗದ ಆಸೆ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ಜಗತ್ತಿನಾದ್ಯಂತ ರ್‍ಯಾಮಿನ ಬೆಲೆ ಬಹಳ ಏರಿತು. ಇಂಥ ಕಾಲದಲ್ಲಿ ಬಳಸಿದ ಸರಕಿನ ಕಡೆಗೆ ಮನಸ್ಸು ಹರಿಯುವುದು ಸಹಜ. ಬಳಸಿದ್ದೆಂಬುದೇ ದೋಷವಲ್ಲ. ಆದರೆ ಸರ್ವರ್ ಯಂತ್ರಗಳಿಂದ ಕಳಚಿ ತಂದ, ‘ರಿಜಿಸ್ಟರ್ಡ್’ ಅಥವಾ ‘ಆರ್‌ಡಿಮ್’ ಎಂಬ ಗುರುತಿನ ರ್‍ಯಾಮ್ ನೋಡಲು ಮನೆಯ ಕಂಪ್ಯೂಟರಿನದರಂತೆಯೇ ಇದ್ದರೂ ಸಾಧಾರಣ ಬೋರ್ಡಿನಲ್ಲಿ ನಡೆಯದು. 32 ಜಿಬಿಯನ್ನು ಕಡಿಮೆ ಬೆಲೆಗೆ ಕೊಂಡೆನೆಂಬ ಹಿಗ್ಗು ಊರು ಮುಟ್ಟುವವರೆಗೆ ಮಾತ್ರ. ಹಾಸಿಗೆ ಇದ್ದಷ್ಟು ಕಾಲು ಚಾಚುವುದೇ ಲೇಸು: ಪತ್ರ, ಪಾಠ, ಲೆಕ್ಕಪತ್ರಗಳ ಕೆಲಸಕ್ಕೆ 8 ಜಿಬಿ ಹೇಗೋ ಸಾಕು, 16 ಇದ್ದರೆ ನೆಮ್ಮದಿ.

ಬಸ್ಸು ಹತ್ತುವ ಮೊದಲು ಒಂದು ಚೀಟಿ ಸಿದ್ಧವಾಗಿರಲಿ. ಬೋರ್ಡಿನ ಹೆಸರು ಮತ್ತು ಮಾದರಿ, ಪ್ರೊಸೆಸರಿನ ಹೆಸರು, ಸ್ಲಾಟುಗಳ ಸಂಖ್ಯೆ, ಬೋರ್ಡು ಒಪ್ಪುವ ಗರಿಷ್ಠ ಪ್ರಮಾಣ—ಇಷ್ಟನ್ನು ಬರೆದುಕೊಳ್ಳಬೇಕು. ಪ್ರತಿಯೊಂದು ಮಾದರಿಗೂ ತಾವು ಪರೀಕ್ಷಿಸಿದ ರ್‍ಯಾಮುಗಳ ಪಟ್ಟಿಯನ್ನು ಬೋರ್ಡು ತಯಾರಕರು ಪ್ರಕಟಿಸುತ್ತಾರೆ; ಆ ಪಟ್ಟಿಯಿಂದ ಎರಡು ಮೂರು ಹೆಸರುಗಳನ್ನು ಗುರುತು ಮಾಡಿಕೊಂಡರೆ ಒಂದು ಸಿಗದಿದ್ದಾಗ ಇನ್ನೊಂದು ಒದಗುತ್ತದೆ. ಪ್ರೊಸೆಸರಿನ ಮೇಲೆ ದೊಡ್ಡ ಫ್ಯಾನಿದ್ದರೆ ಅದರ ಕೆಳಗೆ ಎಷ್ಟು ಎತ್ತರದ ರ್‍ಯಾಮ್ ಹಿಡಿಯುವುದೆಂದು ಅಳೆದುಕೊಳ್ಳುವುದೂ ಒಳ್ಳೆಯದು. ಸಾಧ್ಯವಾದರೆ ಬೋರ್ಡನ್ನೇ ಜೊತೆಗೆ ಒಯ್ದು, ಅಂಗಡಿಯಲ್ಲಿಯೇ ರ್‍ಯಾಮನ್ನು ಕೂರಿಸಿ ಪರದೆಯ ಮೇಲೆ ಅಂಕಿ ಮೂಡಿದ ಬಳಿಕ ಹಣ ಎಣಿಸಬಹುದು. ರಸೀದಿಯ ಮೇಲೆ ಮಾದರಿಯ ಹೆಸರು ಮತ್ತು ವಾರಂಟಿಯ ಅವಧಿ ಬರೆದಿದೆಯೇ ಎಂದು ನೋಡಿಕೊಂಡರೆ ಮುಗಿಯಿತು. ಆಮೇಲೆ ಬೆಟ್ಟದ ಬಸ್ಸಿನಲ್ಲಿ ನಿಶ್ಚಿಂತೆಯಿಂದ ನಿದ್ರಿಸಬಹುದು.